ನೇತ್ರಾಣಿಯಿಂದ ನಾರಾಯಣದೇವರಕೆರೆಗೆ

ವಿಜಯನಗರದ ಅರಸರು ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದರಂತೆ. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿರುವ ಮಾತು ಇದು. ಸಾಳುವ ನರಸಿಂಹನ ಕಾಲದಲ್ಲಿ ಹೊರ್ಮುಜ್, ಏಡನ್ ಕಡೆಯಿಂದ ಹಡಗಿನಲ್ಲಿ ಕುದುರೆಗಳನ್ನು ತರಿಸುತ್ತಿದ್ದರು. ಸಮುದ್ರದಲ್ಲೇ ಸತ್ತುಹೋದ ಕುದುರೆಯ ಬಾಲ ಕೊಯ್ದು ತಂದು ತೋರಿಸಿದರೆ ಸಾಕು, ಬದುಕಿ ಬಂದ ಕುದುರೆಗೆ ಎಷ್ಟೋ ಅದಕ್ಕೂ ಅಷ್ಟೇ. ಈಗಿನ ಇನ್ಶೂರೆನ್ಸ್ ಕಂಪನಿಗಳೂ ಇಷ್ಟು ಸಲೀಸಾಗಿ ಕ್ಲೇಮ್ ಕೊಡೋದಿಲ್ಲ. ವಿಜಯನಗರದ ಅರಸರು ವರ್ಷಕ್ಕೆ 13 ಸಾವಿರ ಹೊರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದರು ಅಂತಲೂ ನೂನಿಜ್ ಹೇಳುತ್ತಾನೆ. ಅವನ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ. ಆದರೆ ಹಂಪಿಯ ಮಹಾನವಮಿ ದಿಬ್ಬದ ಮೇಲೆ, ಹಜಾರರಾಮ ಗುಡಿಯ ಹೊರಗೋಡೆ ಮೇಲೆ ಸಾಲುಸಾಲು ಕುದುರೆಗಳನ್ನು ನೋಡಿದವರಿಗೆ ಲೆಕ್ಕ ತೀರಾ ಸುಳ್ಳು ಅಂತ ಅನ್ನಿಸೋದೂ ಇಲ್ಲ.

ಆ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಒಂದು ಭಟ್ಕಳ. 2024ರ ಫೆಬ್ರುವರಿಯಲ್ಲಿ ನಾನು ಸ್ಕೂಬಾ ಡೈವಿಂಗ್ ಮಾಡಿದ ನೇತ್ರಾಣಿ ದ್ವೀಪಕ್ಕೆ ದೋಣಿ ಹೊರಡುವುದು ಮುರುಡೇಶ್ವರದಿಂದ, ಅದು ಇರೋದು ಭಟ್ಕಳ ತಾಲೂಕಿನಲ್ಲಿ. ದಡದಿಂದ ಸುಮಾರು 19 ಕಿಲೋಮೀಟರ್. ದೋಣಿಯಲ್ಲಿ ಜೊತೆಗಿದ್ದ ಆಫೀಸಿನ ಗೆಳೆಯರು ಮೀನು, ಆಮೆ, ಹವಳ ಅಂತ ಮಾತಾಡುತ್ತಿದ್ದರೆ ನನಗೆ ಮಾತ್ರ ಈ ನೀರಿನಡಿ ಬಾಲ ಕಳೆದುಕೊಂಡ ಎಷ್ಟು ಕುದುರೆಗಳ ಮೂಳೆ ಇರಬಹುದು ಅನ್ನೋ ಯೋಚನೆ. ಹಂಪಿ ಪಕ್ಕದ ಹುಡುಗರ ತಲೆಯೇ ಹೀಗೆ. ಎಲ್ಲಿ ಹೋದರೂ ಹಂಪಿಯನ್ನು ಹೊತ್ತುಕೊಂಡೇ ಹೋಗುತ್ತೇವೆ.

ಸ್ಕೂಬಾ ಬಗ್ಗೆ ಎರಡು ಮಾತು ಹೇಳಬೇಕು, ಮುಂದೆ ಬೇಕಾಗುತ್ತದೆ. ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದಾಗಲೂ ನಿಮ್ಮ ಮೇಲೆ ಇನ್ನೊಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. ಕಿವಿ ನೋಯುತ್ತದೆ, ಮೂಗು ಹಿಡಿದು ಊದಿ ಸರಿ ಮಾಡಿಕೊಳ್ಳುತ್ತಾ ಇಳಿಯಬೇಕು. ಉಸಿರು ಹಿಡಿಯಬಾರದು, ಅದೇ ಮೊದಲ ಪಾಠ. ಮಾತಿಲ್ಲ, ಕೈಸನ್ನೆಯಲ್ಲೇ ಎಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ನೀರು ತಿಳಿಯಾಗಿದೆಯೋ ಇಲ್ಲವೋ ಅನ್ನೋದು. ನಾನಿಳಿದ ದಿನ ಹತ್ತು ಮೀಟರ್ ದೂರದ ಬಂಡೆ ಕಾಣುತ್ತಿತ್ತು. ಮಳೆಗಾಲದಲ್ಲಿ ಅದೇ ಜಾಗದಲ್ಲಿ ಏನೂ ಕಾಣದು, ಅದಕ್ಕೇ ಆಗ ಡೈವಿಂಗ್ ನಿಲ್ಲಿಸುತ್ತಾರೆ. ಕಂಪ್ಲಿ ಕಡೆಯ ಕಾಲುವೆಯಲ್ಲಿ ಖಾಲಿ ಎಣ್ಣೆ ಡಬ್ಬ ಬೆನ್ನಿಗೆ ಕಟ್ಟಿಕೊಂಡು ಈಜು ಕಲಿತವನಿಗೆ ನೀರೊಳಗೆ ಕಣ್ಣು ಬಿಟ್ಟರೆ ಏನಾದರೂ ಕಾಣುತ್ತದೆ ಅನ್ನೋದೇ ದೊಡ್ಡ ಸುದ್ದಿ. ನಮ್ಮ ಕಾಲುವೆಯಲ್ಲಿ ನಮ್ಮ ಮೊಣಕಾಲು ನಮಗೇ ಕಾಣುತ್ತಿರಲಿಲ್ಲ.

ಆ ವರ್ಷ ಊರ ಕಡೆ ಓಡಾಟ ಜಾಸ್ತಿಯಾಯಿತು. ಹೊಸಪೇಟೆಯಲ್ಲಿ ಮಾಮ ಮತ್ತು ಅಜ್ಜಿ, ಸಂಡೂರಿನಲ್ಲಿ ದೊಡ್ಡಮ್ಮ, ಕಂಪ್ಲಿ ಮತ್ತು ಕುರುಗೋಡು ನಡುವಿನ ಹಳ್ಳಿಯಲ್ಲಿ ಅಪ್ಪ ಅಮ್ಮ. ಹಬ್ಬ, ಮದುವೆ, ಆಸ್ಪತ್ರೆ ಅಂತ ಒಂದಲ್ಲ ಒಂದು ನೆಪ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತೋದು, ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿಯೋದು. ಪ್ರತಿ ಸಲವೂ ಮನೆ ಕೆಲಸ ಮುಗಿಸಿ ಅರ್ಧ ದಿನ ಉಳಿಸಿಕೊಂಡು, ನೀರಿನ ಹಿಂದೆ ಬಿದ್ದೆ.

ಹಂಪಿಗೆ ಬರುವವರು ಕಲ್ಲು ನೋಡಲು ಬರುತ್ತಾರೆ. ಕಲ್ಲಿನ ರಥ, ಕಲ್ಲಿನ ಕಂಬ, ಕಲ್ಲಿನ ಗಣಪ. ಆದರೆ ಹಂಪಿಯಲ್ಲಿ ಇವತ್ತಿಗೂ ಕೆಲಸ ಮಾಡುತ್ತಿರುವ ವಿಜಯನಗರ ಅಂದರೆ ನೀರಿನದು. ತುರ್ತು ಕಾಲುವೆ ಹಳೆಯ ಪಟ್ಟಣದ ನಟ್ಟನಡುವೆ ಹರಿಯುತ್ತದೆ. ಅದರ ಎರಡೂ ಬದಿಗೆ ಬಾಳೆ, ಕಬ್ಬು. ಪ್ರವಾಸಿ ಅದನ್ನು ದಾಟಿ ಹೋಗುತ್ತಾನೆ, ಫೋಟೋ ತೆಗೆಯೋದಿಲ್ಲ. ಯಾಕಂದ್ರೆ ಅದು ಸ್ಮಾರಕದ ಥರ ಕಾಣೋದಿಲ್ಲ, ಯಾವುದೋ ನೀರಾವರಿ ಇಲಾಖೆಯ ಕಾಲುವೆ ಥರ ಕಾಣುತ್ತದೆ. ಒಳ್ಳೆಯ ಕೆಲಸದ ಹಣೆಬರಹವೇ ಅಷ್ಟು. ಸರಿಯಾಗಿ ನಡೀತಿರೋ ಸರ್ವರ್ ಕಡೆ ಯಾರೂ ತಿರುಗಿ ನೋಡೋದಿಲ್ಲ.

ಈ ಕಾಲುವೆಗಳ ಹೆಸರು ಹೇಳುವುದೇ ಒಂದು ಖುಷಿ: ರಾಯ, ಬಸವಣ್ಣ, ಬೆಲ್ಲ, ತುರ್ತು, ರಾಮಸಾಗರ, ಕಂಪ್ಲಿ, ಸಿರುಗುಪ್ಪ, ದೇಶನೂರು. ಆಚೆ ದಡದಲ್ಲಿ ಹುಲಿಗಿ, ಆನೆಗೊಂದಿ, ಗಂಗಾವತಿಯವು. ಇವುಗಳಿಗೆ ನೀರು ತಿರುಗಿಸಲು ನದಿಗೆ ಅಡ್ಡಲಾಗಿ ಕಟ್ಟಿದ್ದು ಒಡ್ಡುಗಳನ್ನು, ಅಣೆಕಟ್ಟೆ ಅನ್ನುವಷ್ಟು ಎತ್ತರದವಲ್ಲ. ನದಿಯಲ್ಲಿ ಮೊದಲೇ ಇದ್ದ ಬಂಡೆಯಿಂದ ಬಂಡೆಗೆ ದೊಡ್ಡ ಕಲ್ಲುಗಳನ್ನು ಜೋಡಿಸಿಕೊಂಡು ಹೋಗಿದ್ದಾರೆ. ಅದಕ್ಕೇ ಅವು ನೆಟ್ಟಗಿಲ್ಲ, ಅಂಕುಡೊಂಕು. ಬೇಸಿಗೆಯಲ್ಲಿ ಇದ್ದ ನೀರು ಕಾಲುವೆಗೆ ತಿರುಗುತ್ತದೆ. ಪ್ರವಾಹ ಬಂದರೆ ನದಿ ಒಡ್ಡಿನ ತಲೆ ಮೇಲೆ ಹತ್ತಿ ಹೋಗುತ್ತದೆ, ಜೊತೆಗೆ ತನ್ನ ಮಣ್ಣನ್ನೂ ಒಯ್ಯುತ್ತದೆ. ನದಿಯನ್ನು ನಿಲ್ಲಿಸುವ ಹಟ ಅಲ್ಲಿಲ್ಲ. ಸ್ವಲ್ಪ ಪಾಲು ಕೇಳಿ ಉಳಿದದ್ದನ್ನು ಬಿಟ್ಟುಬಿಡೋದು, ಅಷ್ಟೇ.

ಇದರ ಜೊತೆಗೆ ಊರೊಳಗೆ ಕಲ್ಲಿನ ದೋಣಿಗಳಲ್ಲಿ ನೀರು ಹರಿದ ವ್ಯವಸ್ಥೆ ಬೇರೆ. ಅರಮನೆ ಆವರಣದ ಮೆಟ್ಟಿಲು ಪುಷ್ಕರಣಿ 1980ರ ದಶಕದ ಉತ್ಖನನದಲ್ಲಿ ಸಿಕ್ಕಿತು. ಅಲ್ಲಿಯ ತನಕ ಅದು ಮಣ್ಣಿನಡಿ ಇತ್ತು, ಅದರ ಮೇಲೆ ಜನ ಓಡಾಡುತ್ತಿದ್ದರು. ಅದರ ಕಲ್ಲುಗಳ ಮೇಲೆ ಯಾವ ಕಲ್ಲು ಎಲ್ಲಿ ಕೂರಬೇಕು ಅನ್ನೋ ಗುರುತುಗಳಿವೆ. ಬೇರೆ ಕಡೆ ಕಡೆದು, ಗುರುತು ಹಾಕಿ, ತಂದು ಜೋಡಿಸಿದ್ದಾರೆ.

ಇವೆಲ್ಲ ಗೆದ್ದ ಕೆಲಸಗಳು. ಸೋತು ಸೋತು ಕಟ್ಟಿದ ಒಂದು ಕೆಲಸವೂ ಇದೆ, ಅದು ಹೊಸಪೇಟೆಯಲ್ಲೇ ಇದೆ. ಹೊಸಪೇಟೆ ಆಗ ನಾಗಲಾಪುರ, ಕೃಷ್ಣದೇವರಾಯ ಕಟ್ಟಿಸಿದ ಊರು. ಊರಿನ ದಕ್ಷಿಣಕ್ಕೆ ಗುಡ್ಡಗಳ ಬಾಯಿಯಲ್ಲಿ ಒಂದು ಭಾರಿ ಏರಿ ಇದೆ. ಜನ ರಾಯರ ಕೆರೆ ಅಂತಾರೆ. ಕೆರೆಯಲ್ಲಿ ನೀರಿಲ್ಲ, ಬೆಳೆ ಇದೆ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಪ್ರಾಂತ್ಯದಲ್ಲಿ ಎರಡು ಗುಡ್ಡಗಳ ನಡುವೆ ರಾಯ ಕೆರೆ ಕಟ್ಟಿಸುತ್ತಿದ್ದುದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. 15ರಿಂದ 20 ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡುತ್ತಿದ್ದರಂತೆ, ನೆಲವೇ ಕಾಣದಷ್ಟು. ಆ ಕೆರೆ ಇದೇ ಅಂತ ಇತಿಹಾಸಕಾರರು ಗುರುತಿಸಿದ್ದಾರೆ.

ಏರಿ ಎರಡು ಮೂರು ಸಲ ಒಡೆಯಿತು. ಬ್ರಾಹ್ಮಣರನ್ನು ಕೇಳಿದರೆ ಬಲಿ ಬೇಕು ಅಂದರಂತೆ. 60 ಮಂದಿಯ ತಲೆ ಕಡಿಸಿದರು, ಜೊತೆಗೆ ಒಂದಷ್ಟು ಕುದುರೆ, ಕೋಣ. ಪಾಯೆಸ್ ಇದನ್ನು ಕೆರೆಯ ಉದ್ದ ಅಗಲ ಬರೆದಷ್ಟೇ ತಣ್ಣಗೆ ಬರೆದು ಮುಂದೆ ಹೋಗುತ್ತಾನೆ. ನಮ್ಮಲ್ಲಿ ಕೆರೆಗೆ ಹಾರವಾದ ಸೊಸೆಯ ಕಥೆಗೆ ಕಣ್ಣೀರು ಹಾಕದವರಿಲ್ಲ. ಈ 60 ಜನರಿಗೆ ಹೆಸರೂ ಇಲ್ಲ, ಹಾಡೂ ಇಲ್ಲ.

ಇದೇ ಕೆರೆಯ ಬಗ್ಗೆ ನೂನಿಜ್ ಇನ್ನೊಂದು ಕಥೆ ಹೇಳುತ್ತಾನೆ. ಗೋವೆಯ ಪೋರ್ಚುಗೀಸ್ ಗವರ್ನರ್ ಕಳಿಸಿದ ಜುವಾವ್ ದೆಲ್ಲಾ ಪೊಂಟೆ ಅನ್ನುವ ಕಲ್ಲುಕೆಲಸದ ಮೇಸ್ತ್ರಿ ಬಂದ. ಸುಣ್ಣ ಸುಡಿಸಿ ಕೊಡಿ ಅಂದ. ರಾಯ ನಕ್ಕುಬಿಟ್ಟನಂತೆ, ಈ ದೇಶದಲ್ಲಿ ಕಟ್ಟಡಕ್ಕೆ ಸುಣ್ಣ ಬಳಸೋದು ಯಾರಿಗೂ ಗೊತ್ತಿರಲಿಲ್ಲವಂತೆ. ಇಲ್ಲಿ ನೂನಿಜ್ ಸ್ವಲ್ಪ ರೈಲು ಬಿಟ್ಟಿದ್ದಾನೆ ಅಂತಲೇ ನನ್ನ ಅನಿಸಿಕೆ. ಕಮಲ ಮಹಲಿನ ಗಾರೆ ಕೆಲಸ, ಗೋಪುರಗಳ ಗಾರೆ ಗೊಂಬೆಗಳನ್ನು ನೋಡಿದ ಯಾರೂ ಹಂಪಿಗೆ ಸುಣ್ಣ ಗೊತ್ತಿರಲಿಲ್ಲ ಅನ್ನೋದಿಲ್ಲ. ಕೆರೆಯ ಏರಿಗೆ ಸುಣ್ಣ ಯಾಕೆ ಅಂತ ರಾಯ ನಕ್ಕಿರಬಹುದು, ಅದು ಬೇರೆ ಮಾತು. ಈ ಸುಣ್ಣದ ವಿಷಯ ನೆನಪಿರಲಿ.

ರಾಯರ ಕೆರೆಯ ಗುಡ್ಡಗಳನ್ನು ದಾಟಿದರೆ ಸಂಡೂರಿನ ಕಣಿವೆ. ಸುತ್ತ ಗುಡ್ಡ, ನಡುವೆ ಊರು. 1949ರ ತನಕ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ಗಾಂಧೀಜಿ 1934ರಲ್ಲಿ ಬಂದಿದ್ದರು. ದೊಡ್ಡಮ್ಮನ ಮನೆಯ ಅಂಗಳದಲ್ಲಿ ಒಣಗಲು ಹಾಕಿದ ಬಿಳಿ ಪಂಚೆ 2008ರ ಸುಮಾರಿಗೆ ಸಂಜೆಯೊಳಗೆ ಕೆಂಪಗಾಗುತ್ತಿತ್ತು, ಅದಿರಿನ ಲಾರಿಗಳ ಕಾಲ ಅದು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಮತ್ತೆ ಶುರುವಾಗಿದೆ, ಮೊದಲಿನಷ್ಟಲ್ಲ. ಇದನ್ನು ಇಲ್ಲಿ ಹೇಳಲು ಕಾರಣ, ಡ್ಯಾಮಿನಲ್ಲಿ ಹೂಳು ತುಂಬಿದ್ದಕ್ಕೆಲ್ಲ ಸಂಡೂರನ್ನೇ ಬೈಯುವವರು ಹೊಸಪೇಟೆಯ ಪ್ರತಿ ಚಹಾ ಅಂಗಡಿಯಲ್ಲೂ ಸಿಗುತ್ತಾರೆ. ನಕ್ಷೆ ತೆಗೆದು ನೋಡಿ. ಸಂಡೂರು ಕಣಿವೆಯ ನೀರು ಹರಿಯೋದು ನಾರಿಹಳ್ಳಕ್ಕೆ. ನಾರಿಹಳ್ಳ ತಾರಾನಗರದ ಜಲಾಶಯ ದಾಟಿ ದರೋಜಿ ಕೆರೆ ಸೇರುತ್ತದೆ, ಅಂದರೆ ಡ್ಯಾಮಿಗಿಂತ ಕೆಳಗೆ. ಗುಡ್ಡಗಳ ಈಚೆ ಮೈಯ ಮಣ್ಣು ಡ್ಯಾಮಿಗೆ ಬರುತ್ತದೆ, ನಿಜ. ಆದರೆ ಮಲೆನಾಡಿನಿಂದ ಇಲ್ಲಿಯ ತನಕ ತುಂಗೆ, ಭದ್ರೆ, ವರದೆ ಹೊತ್ತು ತರುವ ಮಣ್ಣಿನ ಲೆಕ್ಕ ಯಾರು ಕೊಡಬೇಕು?

ಈಗ ಡ್ಯಾಮಿಗೆ ಬರೋಣ. ಹೊಸಪೇಟೆಯವರಿಗೆ ಡ್ಯಾಮ್ ಅಂದರೆ ಒಂದೇ, ಟಿಬಿ ಡ್ಯಾಮ್. ತುಂಗಭದ್ರೆಯ ನೀರನ್ನು ನಿಲ್ಲಿಸಿ ಬರಗಾಲದ ಸೀಮೆಗೆ ಕೊಡಬೇಕು ಅನ್ನೋ ಆಲೋಚನೆ 1860ರಲ್ಲೇ ಸರ್ ಆರ್ಥರ್ ಕಾಟನ್ ಮುಂದಿಟ್ಟಿದ್ದ. ಅದಾದ ಮೇಲೆ 1876–78ರ ಭೀಕರ ಬರ ಬಂತು. ಬಳ್ಳಾರಿ ಜಿಲ್ಲೆ ಆಗ ಕಂಡ ಸಾವುಗಳು ಸಣ್ಣವಲ್ಲ. ವಿಜಯನಗರದ ಕಾಲುವೆಗಳ ಹಸಿರು ಪಟ್ಟಿ ನದಿಗೆ ಅಂಟಿಕೊಂಡು ಇತ್ತೇ ಹೊರತು, ಅದರಾಚೆಯ ಕರಿಮಣ್ಣಿಗೆ ಮಳೆಯೇ ಗತಿ. ಹಳೆಯದನ್ನು ಹೊಗಳುವಾಗ ಇದನ್ನೂ ಹೇಳಬೇಕು. ಮದ್ರಾಸ್ ಮತ್ತು ಹೈದರಾಬಾದ್ ಎರಡು ಸರ್ಕಾರಗಳು ಕಿತ್ತಾಡಿ ಕಿತ್ತಾಡಿ ಕೊನೆಗೆ 1944ರಲ್ಲಿ ಒಪ್ಪಂದಕ್ಕೆ ಬಂದವು. 1945ರ ಫೆಬ್ರುವರಿ 28ರಂದು ಒಂದು ದಡದಲ್ಲಿ ಹೈದರಾಬಾದಿನ ರಾಜಕುಮಾರ, ಇನ್ನೊಂದು ದಡದಲ್ಲಿ ಮದ್ರಾಸಿನ ಗವರ್ನರ್ ಅಡಿಗಲ್ಲು ಹಾಕಿದರು. ಒಂದು ನದಿ, ಎರಡು ಅಡಿಗಲ್ಲು.

1953ರ ಜುಲೈ 1ಕ್ಕೆ ಕಾಲುವೆಗೆ ನೀರು ಬಿಟ್ಟಾಗ ಅಡಿಗಲ್ಲು ಹಾಕಿದವರು ಯಾರೂ ಅಧಿಕಾರದಲ್ಲಿರಲಿಲ್ಲ. ನಿಜಾಮನ ರಾಜ್ಯ ಹೋಗಿತ್ತು, ಬ್ರಿಟಿಷರು ಹೋಗಿದ್ದರು. ಇನ್ನು ಮೂರು ತಿಂಗಳಿಗೆ, ಅಕ್ಟೋಬರ್ 1ಕ್ಕೆ, ಆಂಧ್ರ ರಾಜ್ಯ ಹುಟ್ಟಿ ಬಳ್ಳಾರಿಯ ಏಳು ತಾಲೂಕುಗಳು ಮೈಸೂರಿಗೆ ಬಂದವು. ಡ್ಯಾಮನ್ನು ಕಟ್ಟಿದ್ದು ಮುಖ್ಯವಾಗಿ ಕಲ್ಲು ಮತ್ತು ಸುರ್ಕಿ ಗಾರೆಯಿಂದ. ಸುರ್ಕಿ ಅಂದರೆ ಸುಟ್ಟ ಜೇಡಿಮಣ್ಣಿನ ಪುಡಿ, ಅದನ್ನು ಸುಣ್ಣದ ಜೊತೆ ಅರೆದು ಮಾಡುವ ಗಾರೆ. ನಾನೂರ ಮೂವತ್ತು ವರ್ಷ ತಡವಾಗಿಯಾದರೂ ದೆಲ್ಲಾ ಪೊಂಟೆ ಕೇಳಿದ ಸುಣ್ಣ ಹೊಸಪೇಟೆಗೆ ಬಂತು.

33 ಗೇಟು, ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ನೀರು. ಅದರಡಿ ಹೋದದ್ದು 90 ಹಳ್ಳಿಗಳು, ಮನೆ ಬಿಟ್ಟವರು ಸುಮಾರು 54 ಸಾವಿರ ಜನ. ಕೃಷ್ಣದೇವರಾಯನ ಕಾಲದ ವಲ್ಲಭಾಪುರದ ಒಡ್ಡೂ ಮುಳುಗಿತು. ಅಲ್ಲಿಂದ ನೀರು ಪಡೆಯುತ್ತಿದ್ದ ಬಸವಣ್ಣ ಕಾಲುವೆಗೆ ಈಗ ಡ್ಯಾಮಿನಿಂದಲೇ ನೀರು. ನಾರಾಯಣದೇವರಕೆರೆ ಅನ್ನುವ ದೊಡ್ಡ ಊರು ಮುಳುಗಿತು. ಹೆಸರಿನಲ್ಲೇ ಕೆರೆ ಇದ್ದ ಊರಿಗೆ ಇನ್ನೊಂದು ಕೆರೆ ಬಂದು ಕೂತ ಹಾಗಾಯಿತು. ಅಲ್ಲಿಯ ಬಹಳ ಜನ ಬಂದು ನೆಲೆಸಿದ್ದು ಈಗ ಹೆದ್ದಾರಿ ಮೇಲಿರುವ ಮರಿಯಮ್ಮನಹಳ್ಳಿಯಲ್ಲಿ. ನಾಟಕದವರ ಊರು ಅಂತ ನಾಡಿಗೆಲ್ಲ ಗೊತ್ತಿರುವ ಮರಿಯಮ್ಮನಹಳ್ಳಿ ಇದೇ.

ನನ್ನ ಅಜ್ಜಿ, ಅಮ್ಮನ ತಾಯಿ, ನಾರಾಯಣದೇವರಕೆರೆಯವರು. ನೀರು ನಿಲ್ಲಿಸಿದ ವರ್ಷ ಅವರಿಗೆ ಒಂಬತ್ತೋ ಹತ್ತೋ. ಫೆಬ್ರುವರಿಯ ಡೈವಿಂಗ್ ವಿಡಿಯೋ ಮೊಬೈಲಿನಲ್ಲಿ ತೋರಿಸಿದೆ. ಮೀನು ನೋಡಿ ಮೊದಲು ನಕ್ಕರು. ಆಮೇಲೆ ಕೇಳಿದರು:

"ಹಿಂಗ ಮುಳುಗಿ ಎಷ್ಟೊತ್ತು ಇರ್ತಿ?"

"ಮುಕ್ಕಾಲು ತಾಸು, ಅಜ್ಜಿ."

"ಹಂಗಾದ್ರ ಒಂದ್ಸಲ ನಮ್ಮೂರು ನೋಡ್ಕೆಂಡು ಬಾರಪ್ಪ. ಗುಡಿ ಮುಂದ ಬೇವಿನ ಗಿಡ ಇತ್ತು. ಅದರ ಎಡಕ್ಕೇ ನಮ್ಮನಿ."

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ಮಾಮನ ಮುಖ ನೋಡಿದೆ. ಮಾಮ ನಗಲಿಲ್ಲ.

ಆಗೋದಿಲ್ಲ ಅಂತ ಅಜ್ಜಿಗೆ ವಿವರಿಸೋದಕ್ಕೆ ಒಂದು ಸಂಜೆ ಹಿಡಿಯಿತು. ಜಲಾಶಯದಲ್ಲಿ ಹೀಗೆ ಇಳಿಯೋಕೆ ಯಾರೂ ಬಿಡೋದಿಲ್ಲ, ಅದು ಇರಲಿ. ಬಿಟ್ಟರೂ ತುಂಗಭದ್ರೆಯ ನೀರಿನಲ್ಲಿ ಕೈ ಚಾಚಿದರೆ ಬೆರಳು ಕಾಣದು. ಅದಕ್ಕಿಂತ ದೊಡ್ಡ ಸಮಸ್ಯೆ ಹೂಳು. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯೋದು 105.788. ಉಳಿದ 27 ಟಿಎಂಸಿ ಜಾಗದಲ್ಲಿ ಮಣ್ಣು ಕೂತಿದೆ. ವಿಜಯನಗರದ ಒಡ್ಡು ತಲೆ ಮೇಲೆ ಬಿಟ್ಟು ಕಳಿಸುತ್ತಿದ್ದ ಮಣ್ಣು ಅದು. ಅಂದರೆ ಊರು ನೀರಿನಡಿ ಇದೆ ಅನ್ನೋದೇ ಪೂರ್ತಿ ನಿಜವಲ್ಲ. ನೀರಿನಡಿ ಮಣ್ಣು, ಮಣ್ಣಿನಡಿ ಊರು. ಶಿಕಾರಿಪುರ ರಂಗನಾಥರಾವ್, ಅದೇ ಲೋಥಲ್ ಅಗೆಸಿದ ನಮ್ಮ ಎಸ್.ಆರ್. ರಾವ್, 1981ರಲ್ಲಿ ಗೋವೆಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ವ ಶುರುಮಾಡಿ ದ್ವಾರಕೆಯ ಸಮುದ್ರದಲ್ಲಿ ಗೋಡೆಗಳನ್ನು ಹುಡುಕಿಸಿದರು. ಕೃಷ್ಣಾ ನದಿಯ ನಾಗಾರ್ಜುನಕೊಂಡ ಮುಳುಗುವ ಮೊದಲು ವರ್ಷಗಟ್ಟಲೆ ಅಗೆದು, ಸ್ಮಾರಕಗಳನ್ನು ಎತ್ತರಕ್ಕೆ ಸಾಗಿಸಿದರು. ಅದು 1950ರ ದಶಕದ ನಡುವಿನ ಮಾತು, ನಮ್ಮ ಡ್ಯಾಮು ತುಂಬಿದ ಮೇಲೆ. ಬೌದ್ಧ ಸ್ತೂಪಗಳಿಗೆ ಸಿಕ್ಕ ಆ ಗಮನ ರೈತರ ಊರಿಗೆ ಸಿಗುತ್ತಿತ್ತು ಅಂತ ನನಗೇನೂ ಭ್ರಮೆ ಇಲ್ಲ.

ಇಲ್ಲಿ ಸಾಗಿಸುವ ಕೆಲಸವನ್ನು ಜನರೇ ಮಾಡಿಕೊಂಡರು. ಅಜ್ಜಿ ಹೇಳೋ ಪ್ರಕಾರ ಮೊದಲು ಹೊರಟಿದ್ದು ದೇವರು. ಮರಿಯಮ್ಮನಹಳ್ಳಿಯಲ್ಲಿ ಇವತ್ತು ಜೋಡಿ ತೇರು ಎಳೆಯುವ ಲಕ್ಷ್ಮೀನಾರಾಯಣ, ಆಂಜನೇಯ ಇಬ್ಬರೂ ಹಳೆ ಊರಿನಿಂದ ಬಂದವರು. ಆಮೇಲೆ ಕಾಳು, ದನ. ಕೊನೆಗೆ ಮನೆಯ ತೊಲೆ, ಬಾಗಿಲು, ಚೌಕಟ್ಟು ಕಿತ್ತು ಚಕ್ಕಡಿಯಲ್ಲಿ ಹೇರಿದರು. ಅಜ್ಜಿಯ ಅಪ್ಪ ಬಾಗಿಲು ಕಿತ್ತ ದಿನ ರಾತ್ರಿ ಎಲ್ಲರೂ ಬಾಗಿಲಿಲ್ಲದ ಮನೆಯಲ್ಲೇ ಮಲಗಿದ್ದರಂತೆ. ಪರಿಹಾರ ಎಷ್ಟು ಬಂತು ಅನ್ನೋದು ಅಜ್ಜಿಗೆ ನೆನಪಿಲ್ಲ. ಬಾಗಿಲಿಲ್ಲದ ಆ ರಾತ್ರಿ ನಾಯಿ ಒಳಗೆ ಬಂದು ಕಾಲ ಹತ್ತಿರ ಮಲಗಿದ್ದು ನೆನಪಿದೆ.

ಮೇ ತಿಂಗಳಲ್ಲಿ ಮಾಮನ ಬೈಕಿನಲ್ಲಿ ಹಿನ್ನೀರಿಗೆ ಹೋದೆವು. 2023ರ ಬರ ನಿಮಗೆ ನೆನಪಿರಬಹುದು. ಅದರ ಮುಂದಿನ ಬೇಸಿಗೆಯಲ್ಲಿ ಡ್ಯಾಮಿನ ತಳ ಕಾಣುತ್ತಿತ್ತು. ಮರಿಯಮ್ಮನಹಳ್ಳಿ ಕಡೆಯಿಂದ ಇಳಿದು, ಒಣಗಿ ಬಿರಿದ ಮಣ್ಣಿನ ಮೇಲೆ ತುಂಬ ದೂರ ನಡೆದೆವು. ಮೀನುಗಾರರ ಗುಡಿಸಲು, ಕುರಿ ಮಂದೆ. ಒಂದು ಕಡೆ ಸಾಲಾಗಿ ಬುನಾದಿ ಕಲ್ಲು, ಅರ್ಧ ಹೂತ ಒರಳುಕಲ್ಲು. ಯಾವ ಊರಿನದೋ ಮಾಮನಿಗೂ ಹೇಳಲಾಗಲಿಲ್ಲ. ಫೋಟೋ ತೆಗೆದು ಅಜ್ಜಿಗೆ ತೋರಿಸಿದರೆ ಕನ್ನಡಕ ಏರಿಸಿ ನೋಡಿ, "ಒಳ್ಳು ಎಲ್ಲಾ ಊರಾಗೂ ಹಿಂಗ ಇರ್ತಾವು" ಅಂದರು.

ಸರಿ, ನನಗೆ ಗೊತ್ತಿರೋ ಕೆಲಸದಿಂದಲೇ ಹುಡುಕೋಣ ಅಂದುಕೊಂಡೆ. ಡ್ಯಾಮಿಗೆ ಮೊದಲಿನ ಸರ್ವೆ ನಕ್ಷೆಯ ಸ್ಕ್ಯಾನ್ ಒಂದು ಸಿಕ್ಕಿತು. ಅದನ್ನು ಉಪಗ್ರಹದ ಚಿತ್ರದ ಮೇಲೆ ಕೂರಿಸಬೇಕಾದರೆ ಎರಡರಲ್ಲೂ ಇರುವ, ಜಾಗ ಬದಲಾಗದ ಗುರುತುಗಳು ಬೇಕು. ಊರು ಬದಲಾಗಿವೆ, ರಸ್ತೆ ಬದಲಾಗಿವೆ, ನದಿಯ ದಡವೇ ಬದಲಾಗಿದೆ. ಕೊನೆಗೆ ಕೈ ಹಿಡಿದದ್ದು ಗುಡ್ಡದ ತುದಿಗಳು ಮತ್ತು ಹಂಪಿಯ ಗುಡಿಗಳು. ಮಾತಂಗ ಬೆಟ್ಟ, ವಿರೂಪಾಕ್ಷ ಗುಡಿ, ಸಂಡೂರು ಸಾಲಿನ ಎರಡು ಶಿಖರ. ಅವನ್ನು ಮೊಳೆ ಹೊಡೆದ ಹಾಗೆ ಹೊಂದಿಸಿದರೆ ಉಳಿದ ನಕ್ಷೆ ತಾನಾಗಿ ಎಳೆದು ಕೂರುತ್ತದೆ. ನೀಲಿ ನೀರಿನ ನಡುವೆ ಸಣ್ಣ ಅಕ್ಷರದಲ್ಲಿ ಊರಿನ ಹೆಸರು ಬಂತು. ಆ ನಕ್ಷೆಯಲ್ಲಿ ಊರು ಅಂದರೆ ಒಂದಷ್ಟು ಚುಕ್ಕೆ, ಎರಡು ದಾರಿ. ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿ ಅಜ್ಜಿಯ ಮುಂದೆ ಹಾಸಿದೆ. ಉತ್ತರ ದಿಕ್ಕು ಮೇಲೆ ಇರುತ್ತದೆ ಅನ್ನೋದು ಅಜ್ಜಿ ಒಪ್ಪಲಿಲ್ಲ. ಹಾಳೆಯನ್ನು ತಿರುಗಿಸಿ, ಹೊಳೆ ತಮ್ಮ ಬಲಗೈಗೆ ಬರುವ ಹಾಗೆ ಇಟ್ಟುಕೊಂಡರು. ಆಮೇಲೆ ಬೆರಳು ನಿಲ್ಲಲಿಲ್ಲ. ಗುಡಿ, ಬೇವಿನ ಗಿಡ, ಎಡಕ್ಕೆ ನಮ್ಮನಿ, ಅದರ ಹಿಂದ ಗಾಣದವರ ಮನಿ, ಸಿಹಿನೀರಿನ ಬಾವಿ, ಉಪ್ಪುನೀರಿನ ಬಾವಿ. ಒಂದೊಂದನ್ನೂ ಪೆನ್ಸಿಲಿನಲ್ಲಿ ಬರೆದುಕೊಂಡೆ. ಮನೆಮನೆಯ ಹೆಸರು ಸೇರಿ 41 ಗುರುತುಗಳಾದವು.

ಕಂಪ್ಲಿಯ ಮಾತು ಬಾಕಿ ಇದೆ. ಹಂಪಿ ಹುಟ್ಟುವ ಮೊದಲೇ ಕಂಪ್ಲಿ ಇತ್ತು. ಹನ್ನೊಂದನೆಯ ಶತಮಾನದಲ್ಲಿ ಚೋಳ ರಾಜಾಧಿರಾಜ ಇಲ್ಲಿಯ ಚಾಲುಕ್ಯರ ಅರಮನೆಯನ್ನು ಹಾಳುಗೆಡವಿದ್ದನ್ನು ತನ್ನ ಶಾಸನಗಳಲ್ಲಿ ಹೇಳಿಕೊಂಡ. 1327ರಲ್ಲಿ ದಿಲ್ಲಿಯ ತುಘಲಕ್ ಸೈನ್ಯ ಕಂಪಿಲರಾಯನನ್ನು ಮುಗಿಸಿತು. ಕುಮಾರರಾಮನ ಕಥೆ ಉಳಿಯಿತು. ಈಗ ಕಂಪ್ಲಿ ಅಂದರೆ ನೆಲ್ಲು, ಕಬ್ಬು, ಬಾಳೆ. ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟಾಗ ಮುಳುಗುವ ಗಂಗಾವತಿ ರಸ್ತೆಯ ಸೇತುವೆಯೂ ಇದೆ. ಅದೇ ಹೊತ್ತಿಗೆ ಹಂಪಿಯಲ್ಲಿ ಪುರಂದರ ಮಂಟಪ ಮುಳುಗುತ್ತದೆ, ಟಿವಿಯವರು ಬರುತ್ತಾರೆ. ಹರಿಗೋಲುಗಳು ಕಡಿಮೆಯಾಗಿವೆ. ಆನೆಗೊಂದಿಯಲ್ಲಿ ಪಾಯೆಸ್ ಕಂಡದ್ದು ಬೆತ್ತದ ಬುಟ್ಟಿಗೆ ತೊಗಲು ಹೊದಿಸಿದ, 15–20 ಜನ ಕೂರುವ, ಸುತ್ತುತ್ತಲೇ ಸಾಗುವ ದೋಣಿ. ತೊಗಲು ಹೋಗಿ ಪ್ಲಾಸ್ಟಿಕ್ ಬಂದಿದೆ, ಸುತ್ತೋದು ನಿಂತಿಲ್ಲ.

ನಮ್ಮ ಹೊಲಕ್ಕೆ ನೀರು ಬರೋದು ಡ್ಯಾಮಿನ ಎಲ್‌ಎಲ್‌ಸಿ ಕಾಲುವೆಯಿಂದ. ನನ್ನ ತಾತನ ಕಾಲಕ್ಕೆ ಅದು ಜೋಳದ ಹೊಲ, ಮಳೆ ಬಂದರೆ ಉಂಟು ಇಲ್ಲದಿದ್ದರೆ ಇಲ್ಲ. ನನ್ನ ಬಿ.ಇ. ಫೀಸು, ಹಾಸ್ಟೆಲ್ಲು, ಮೊದಲ ಲ್ಯಾಪ್‌ಟಾಪು ಎಲ್ಲ ಆ ನೀರಿನ ನೆಲ್ಲಿನಿಂದ ಬಂದದ್ದು. ಡ್ಯಾಮು ಬೇಡವಾಗಿತ್ತು ಅಂತ ಹೇಳೋಕೆ ನನಗೆ ಬಾಯಿಲ್ಲ. ಅಮ್ಮನ ತವರಿನ ಊರು ಮುಳುಗಿದ ನೀರೇ ಅಮ್ಮನ ಗಂಡನ ಮನೆಯ ಗದ್ದೆಗೆ ಬಂತು. ನಮ್ಮ ಮನೆಯಲ್ಲಿ ಇದನ್ನು ಯಾರೂ ಜೋರಾಗಿ ಹೇಳಿದ್ದಿಲ್ಲ. ಅಜ್ಜಿ ನಮ್ಮಲ್ಲಿಗೆ ಬಂದಾಗ ಕಾಲುವೆ ಕಡೆ ತಿರುಗಾಡಲು ಹೋಗುತ್ತಿರಲಿಲ್ಲ ಅನ್ನೋದನ್ನು ಈ ವರ್ಷ ಅಮ್ಮ ಹೇಳಿದ ಮೇಲೆ ಗಮನಿಸಿದೆ.

ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಜಲಾಶಯ ಆಗ ತುಂಬಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು. ಲಕ್ಷ ಕ್ಯೂಸೆಕ್ ಲೆಕ್ಕದಲ್ಲಿ ನೀರು ಸುಮ್ಮನೆ ಹೊಳೆಗೆ. ಅಪ್ಪ ಆಗಷ್ಟೇ ನಾಟಿ ಮುಗಿಸಿದ್ದರು. ಬೆಳಿಗ್ಗೆ ಐದೂವರೆಗೆ ಫೋನು ಮಾಡಿ, ಹಲೋ ಅನ್ನದೇ, "ಎಷ್ಟು ಟಿಎಂಸಿ ಉಳಿತೈತಂತೆ?" ಅಂದರು. ಎಂಜಿನಿಯರ್ ಮಗನಿಗೆ ಡ್ಯಾಮಿನ ಗೇಟೂ ಗೊತ್ತಿರಬೇಕು ಅನ್ನೋದು ನಮ್ಮ ಕಡೆಯ ಲೆಕ್ಕಾಚಾರ. ಆ ವಾರ ಆಂಧ್ರ, ತೆಲಂಗಾಣ, ಕರ್ನಾಟಕ ಮೂರೂ ಕಡೆಯ ರೈತರು ಟಿವಿ ಮುಂದೆ ಕೂತಿದ್ದರು.

ಹದಿಮೂರನೇ ತಾರೀಖು ಅಜ್ಜಿಯ ಫೋನು. ತಾವಾಗಿ ಫೋನು ಮಾಡೋದು ಕಡಿಮೆ, ಮಾಮನ ಮಗಳ ಕೈಲಿ ನಂಬರು ಒತ್ತಿಸಿದ್ದರು.

"ನೀರು ಎಲ್ಲಾ ಖಾಲಿ ಆಕ್ಕತೇನಪ್ಪ?"

"ಇಲ್ಲಜ್ಜಿ, ಗೇಟು ಕೂಡಿಸ್ತಾರ. ಯಾಕ?"

"ಏನಿಲ್ಲ. ಖಾಲಿ ಆದ್ರ ಹೇಳು. ಮಾಮನ್ನ ಕರ್ಕೆಂಡು ಹೋಗ್ತೀನಿ."

ಒಂದೇ ವಾರದಲ್ಲಿ, ಒಂದೇ ಡ್ಯಾಮಿನ ಬಗ್ಗೆ, ಒಂದೇ ಮನೆಯ ಎರಡು ಫೋನು. ಅಪ್ಪನಿಗೆ ಹೇಳುವ ಸಮಾಧಾನ ಅಜ್ಜಿಗೆ ಹೇಳೋಕಾಗದು.

ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ, 19ನೇ ಗೇಟಿನ ಜಾಗಕ್ಕೆ ಕಬ್ಬಿಣದ ತುಂಡುಗಳನ್ನು ಒಂದರ ಮೇಲೊಂದು ಇಳಿಸಿದರು. ವಾರದೊಳಗೆ ನೀರು ನಿಂತಿತು. ಹತ್ತಾರು ಟಿಎಂಸಿ ಹೋಗಿತ್ತು, ಆದರೆ ಮತ್ತೆ ಮಳೆ ಬಂದು ಜಲಾಶಯ ತುಂಬಿತು. ಅಪ್ಪನ ಬೆಳೆ ಬಂತು.

ನೀರು ನಿಂತ ಸುದ್ದಿ ಅಜ್ಜಿಗೆ ನಾನೇ ಫೋನಿನಲ್ಲಿ ಹೇಳಿದೆ. "ಚಲೋ ಆತು ಬಿಡು, ನಿಮ್ಮಪ್ಪನ ನೆಲ್ಲು ಉಳೀತು" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ನಕ್ಷೆ ಹಾಳೆ ಎಲ್ಲಿಟ್ಟಿದ್ದೀಯ ಅಂತ ಕೇಳಿದರು. ಅಗಸರ ಓಣಿ ಬರೆಸೋದು ಉಳಿದಿದೆಯಂತೆ, ಅಲ್ಲಿ ಏಳು ಮನೆ ಇದ್ದವಂತೆ, ದಸರಾಕ್ಕೆ ಬರುವಾಗ ಪೆನ್ಸಿಲು ತರಬೇಕಂತೆ.